ಧೂಮಕೇತು ಹುಡುಕುವುದನ್ನೇ ಉದ್ಯೋಗ ಮಾಡಿಕೊಳ್ಳಬಹುದಾ?

ಪ್ರಶ್ನೆ: ನನ್ನ ಮಗಳು ಹಾಸನದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ನಸುಕಿಗೆ ಪೂರ್ವ ದಿಕ್ಕಿನಲ್ಲಿ ಬಾಲಚುಕ್ಕಿ ಕಾಣಿಸಿತ್ತಲ್ಲ, ಅವತ್ತಿನಿಂದ ಅವಳಿಗೆ ಒಂದೇ ಹಟ. ಧೂಮಕೇತು, ಕ್ಷುದ್ರಗ್ರಹ ಕಂಡುಹಿಡಿಯುವ ಕೆಲಸಕ್ಕೇ ಹೋಗ್ತೀನಿ ಅಂತಾಳೆ. ಇಂಥ ಕೆಲಸ ನಿಜವಾಗಲೂ ಇದೆಯಾ? ಸಂಬಳ ಯಾರು ಕೊಡ್ತಾರೆ? ಏನು ಓದಬೇಕು? ಈಗ ಎಲ್ಲವನ್ನೂ ಕಂಪ್ಯೂಟರೇ ಹುಡುಕುತ್ತದೆ ಅಂತಲೂ ಕೇಳಿದ್ದೇನೆ.

ಉತ್ತರ:

ಕೆಲಸ ಇದೆ. ಸಂಬಳವೂ ಇದೆ. ಆದರೆ ಇಡೀ ಜಗತ್ತಿನಲ್ಲಿ ಇದನ್ನೇ ದಿನನಿತ್ಯದ ಕಸುಬು ಮಾಡಿಕೊಂಡವರು ಬಹಳ ಕಡಿಮೆ. ಹಾಗಂತ ಮಗಳ ಆಸೆಗೆ ತಣ್ಣೀರು ಎರಚಬೇಡಿ. ಈ ಕೆಲಸದಲ್ಲಿ ದಿನವಿಡೀ ಏನು ನಡೆಯುತ್ತದೆ ಅಂತ ಮೊದಲು ಅವಳಿಗೆ ಗೊತ್ತಾಗಲಿ. ಅವಳು ನೋಡಿದ ಬಾಲಚುಕ್ಕಿಯಿಂದಲೇ ಶುರು ಮಾಡೋಣ.

ಅದರ ಹೆಸರು ಸುಚಿನ್‌ಶಾನ್-ಅಟ್ಲಾಸ್. ಚೀನಾದ ಪರ್ಪಲ್ ಮೌಂಟನ್ (ಅವರ ಭಾಷೆಯಲ್ಲಿ ಸುಚಿನ್‌ಶಾನ್) ವೀಕ್ಷಣಾಲಯದವರು ಅದನ್ನು 2023ರ ಜನವರಿಯಲ್ಲಿ ಮೊದಲು ಗುರುತಿಸಿದರು. ಆಗ ಅದು ಬರೀ ಒಂದು ಮಸುಕಾದ ಚುಕ್ಕಿ. ಆಮೇಲಿನ ರಾತ್ರಿಗಳಲ್ಲಿ ಅದನ್ನು ಮತ್ತೆ ನೋಡಿ ಖಚಿತಪಡಿಸಿದವರು ಯಾರೂ ಇರಲಿಲ್ಲ. ಹಾಗಾಗಿ ಖಚಿತವಾಗಬೇಕಿದ್ದ ಕಾಯಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದರು, ಕಳೆದುಹೋಯಿತು ಅಂತಲೇ ಲೆಕ್ಕ. ಫೆಬ್ರವರಿಯಲ್ಲಿ ಕ್ಷುದ್ರಗ್ರಹಗಳಿಗಾಗಿ ಆಕಾಶ ಜಾಲಾಡುವ ಅಟ್ಲಾಸ್ ಯೋಜನೆಯ ದಕ್ಷಿಣ ಆಫ್ರಿಕಾದ ಟೆಲಿಸ್ಕೋಪಿನ ಕಣ್ಣಿಗೆ ಅದು ಹೊಸದಾಗಿ ಬಿತ್ತು. ಕಕ್ಷೆ ಲೆಕ್ಕ ಹಾಕಿ ಹಿಂದಕ್ಕೆ ಹೋಗಿ ನೋಡಿದರೆ, ಚೀನಾದವರು ಕಂಡಿದ್ದ ಚುಕ್ಕಿಯೂ ಅದೇ! ಅದಕ್ಕೇ ಎರಡು ಹೆಸರು.

ನಿಮ್ಮ ಪ್ರಶ್ನೆಗೆ ನಾನು ಹೇಳಬೇಕಾದ ಮುಖ್ಯ ಮಾತು ಇದರಲ್ಲೇ ಇದೆ. ಹೊಸದೊಂದು ಚುಕ್ಕಿ ಕಣ್ಣಿಗೆ ಬೀಳುವುದು ಒಂದು ರಾತ್ರಿಯ ಅದೃಷ್ಟ ಇರಬಹುದು. ಅದನ್ನು ಬಿಡದೆ ಬೆನ್ನುಹತ್ತಿ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ ಹಿಡಿದಿಡುವುದೇ ನಿಜವಾದ ವೃತ್ತಿ. ನಿಮ್ಮ ಮಗಳಿಗೆ ಈ ಎರಡನೇ ಭಾಗವೂ ಇಷ್ಟ ಆಗುವುದಾದರೆ ಧೈರ್ಯವಾಗಿ ಮುಂದೆ ಹೋಗಲಿ.

ಈ ವೃತ್ತಿ ಅಂದ ತಕ್ಷಣ ನನಗೆ ನೆನಪಾಗುವ ಹೆಸರು ಕ್ಯಾರೊಲಿನ್ ಶೂಮೇಕರ್. ಅಮೆರಿಕದ ನ್ಯೂ ಮೆಕ್ಸಿಕೊದ ಗ್ಯಾಲಪ್ ಎಂಬ ಊರಿನಲ್ಲಿ 1929ರಲ್ಲಿ ಹುಟ್ಟಿದವರು. ಓದಿದ್ದು ಇತಿಹಾಸ ಮತ್ತು ರಾಜ್ಯಶಾಸ್ತ್ರ. ಸ್ವಲ್ಪ ಕಾಲ ಏಳನೇ ತರಗತಿಯ ಮಕ್ಕಳಿಗೆ ಪಾಠ ಮಾಡಿದರು, ಅದು ಅವರಿಗೆ ಹಿಡಿಸಲಿಲ್ಲ. ಮದುವೆಯಾಗಿ ಮೂರು ಮಕ್ಕಳನ್ನು ಬೆಳೆಸಿದರು. ಗಂಡ ಜೀನ್ ಶೂಮೇಕರ್ ದೊಡ್ಡ ಭೂವಿಜ್ಞಾನಿ. ಅರಿಜೋನಾದಲ್ಲಿರುವ ಒಂದು ಭಾರಿ ಕುಳಿ ಜ್ವಾಲಾಮುಖಿಯಿಂದ ಆಗಿದ್ದಲ್ಲ, ಬಾಹ್ಯಾಕಾಶದ ಬಂಡೆ ಬಡಿದು ಆಗಿದ್ದು ಅಂತ ಸಾಬೀತು ಮಾಡಿದವರಲ್ಲಿ ಅವರೇ ಪ್ರಮುಖರು. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ, 1980ರ ಸುಮಾರಿಗೆ, ಕ್ಯಾರೊಲಿನ್ ಗಂಡನ ಹುಡುಕಾಟಕ್ಕೆ ಕೈಜೋಡಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಖಗೋಳ ವಿಜ್ಞಾನದ ಡಿಗ್ರಿ ಇರಲಿಲ್ಲ.

ಅವರ ಕೆಲಸ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಗಳಿಗೂ ಓದಿಸಿ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲೆ 18 ಇಂಚಿನ ಒಂದು ಸ್ಮಿಟ್ ಟೆಲಿಸ್ಕೋಪ್ ಇತ್ತು. ಆಕಾಶದ ದೊಡ್ಡ ತುಂಡನ್ನು ಒಂದೇ ಸಲಕ್ಕೆ ಫೋಟೊ ತೆಗೆಯುವುದು ಅದರ ಗುಣ. ಅದರೊಳಗೆ ದುಂಡನೆ ಕತ್ತರಿಸಿದ ಫಿಲ್ಮ್ ಹಾಕಬೇಕು. ಮಸುಕು ಬೆಳಕನ್ನೂ ಹಿಡಿಯಲಿ ಅಂತ ಆ ಫಿಲ್ಮನ್ನು ಮೊದಲೇ ಹೈಡ್ರೋಜನ್ ಬೆರೆತ ಅನಿಲದಲ್ಲಿಟ್ಟು ಬಿಸಿ ಮಾಡಬೇಕು. ಆಮೇಲೆ ಕತ್ತಲಲ್ಲಿ, ಚಳಿಯಲ್ಲಿ, ಆಕಾಶದ ಒಂದು ಭಾಗದ ಫೋಟೊ. ಸುಮಾರು ಮುಕ್ಕಾಲು ಗಂಟೆ ಬಿಟ್ಟು ಅದೇ ಭಾಗದ ಇನ್ನೊಂದು ಫೋಟೊ. ಹೀಗೆ ಜೋಡಿ ಜೋಡಿ ಫಿಲ್ಮು.

ಹಗಲಿಗೆ ಕ್ಯಾರೊಲಿನ್ ಸ್ಟೀರಿಯೊ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಿದ್ದರು. ಎಡಗಣ್ಣಿಗೆ ಒಂದು ಫಿಲ್ಮು, ಬಲಗಣ್ಣಿಗೆ ಅದರ ಜೋಡಿ. ನಕ್ಷತ್ರಗಳು ಎರಡರಲ್ಲೂ ಒಂದೇ ಜಾಗದಲ್ಲಿ ಇರುತ್ತವೆ. ಹಾಗಾಗಿ ಮೆದುಳು ಅವನ್ನು ಒಂದೇ ಸಮತಟ್ಟಾದ ಹಾಳೆಯಲ್ಲಿ ಕಾಣುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಚೂರು ಸರಿದ ಚುಕ್ಕಿ ಮಾತ್ರ ಆ ಹಾಳೆಯಲ್ಲಿ ನಿಲ್ಲುವುದಿಲ್ಲ. ಮೇಲಕ್ಕೆ ತೇಲಿದಂತೆ ಅಥವಾ ಕೆಳಕ್ಕೆ ಇಳಿದಂತೆ ಕಾಣುತ್ತದೆ. ಸಾವಿರಾರು ನಕ್ಷತ್ರಗಳ ನಡುವೆ ಆ ಒಂದು ತೇಲುವ ಚುಕ್ಕಿಯನ್ನು ಹಿಡಿಯುವುದೇ ಅವರ ಕೆಲಸ. ಫಿಲ್ಮಿನ ಮೇಲಿನ ಧೂಳು, ಗೀರು, ರಾಸಾಯನಿಕದ ಕಲೆ ಎಲ್ಲವೂ ಮೋಸ ಮಾಡುತ್ತವೆ. ಗಂಟೆಗಟ್ಟಲೆ ನೋಡಿದರೂ ಏನೂ ಸಿಗದ ದಿನಗಳೇ ಜಾಸ್ತಿ. ಈ ಕಣ್ಣು, ಈ ತಾಳ್ಮೆ ಕ್ಯಾರೊಲಿನ್‌ಗೆ ಒಲಿದಿತ್ತು. 1983ರಲ್ಲಿ ಮೊದಲ ಧೂಮಕೇತು ಸಿಕ್ಕಿತು. ಒಟ್ಟು 32 ಧೂಮಕೇತುಗಳು, ನೂರಾರು ಕ್ಷುದ್ರಗ್ರಹಗಳು ಅವರ ಲೆಕ್ಕಕ್ಕಿವೆ. ಅಷ್ಟು ಧೂಮಕೇತು ಕಂಡವರು ಆ ಕಾಲಕ್ಕೆ ಬೇರೆ ಯಾರೂ ಇರಲಿಲ್ಲ.

1993ರ ಮಾರ್ಚ್ 23ರ ರಾತ್ರಿಯ ಕಥೆ ಹೇಳದಿದ್ದರೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಅವತ್ತು ಪಾಲೊಮಾರ್‌ನಲ್ಲಿ ತೆಳು ಮೋಡ. ಜೊತೆಗೆ, ಯಾರೋ ಫಿಲ್ಮಿನ ಡಬ್ಬಿ ತೆರೆದಿದ್ದರಿಂದ ಮೇಲಿನ ಕೆಲವು ಫಿಲ್ಮುಗಳಿಗೆ ಬೆಳಕು ತಾಗಿ ಅಂಚು ಕಪ್ಪಾಗಿತ್ತು. ಒಳ್ಳೆ ಫಿಲ್ಮಿಗೆ ದುಡ್ಡು ಕೊಡಬೇಕು. ಇಂಥ ಆಕಾಶಕ್ಕೆ ಅದನ್ನು ಹಾಳು ಮಾಡುವುದು ಬೇಡ ಅಂತ ಜೀನ್‌ಗೆ ಅನ್ನಿಸಿತು. ಅವರ ಜೊತೆ ಧೂಮಕೇತು ಹುಡುಕುತ್ತಿದ್ದ ಡೇವಿಡ್ ಲೆವಿ, ಹಾಳಾದ ಫಿಲ್ಮನ್ನೇ ಹಾಕೋಣ ಅಂದರು. ಹಾಕಿದರು. ಆ ಫಿಲ್ಮಿನಲ್ಲಿ ಗುರುಗ್ರಹದ ಹತ್ತಿರದ ಆಕಾಶವೂ ಇತ್ತು. ಎರಡು ದಿನದ ಮೇಲೆ ಕ್ಯಾರೊಲಿನ್ ಅದನ್ನು ನೋಡುತ್ತಾ ಕೂತಿದ್ದಾಗ ಒಂದು ವಿಚಿತ್ರ ಕಂಡಿತು. ಧೂಮಕೇತುವೇ, ಆದರೆ ದುಂಡಗಿಲ್ಲ. ಯಾರೋ ಅದುಮಿ ಉದ್ದ ಮಾಡಿದ ಹಾಗಿದೆ. ಅರಿಜೋನಾದ ಕಿಟ್ ಪೀಕ್‌ನಲ್ಲಿದ್ದ ಜಿಮ್ ಸ್ಕಾಟಿ ಎಂಬ ಖಗೋಳ ವಿಜ್ಞಾನಿಗೆ ಸುದ್ದಿ ಹೋಯಿತು. ಅವರು ತಮ್ಮ ಟೆಲಿಸ್ಕೋಪ್ ತಿರುಗಿಸಿ ನೋಡಿದಾಗ ಗೊತ್ತಾಯಿತು: ಅದು ಒಂದಲ್ಲ, ಸಾಲಾಗಿ ನಿಂತ ಹಲವು ತುಂಡುಗಳು.

ಅದೇ ಶೂಮೇಕರ್-ಲೆವಿ 9. ಹಲವರು ಅಳತೆ ಕಳುಹಿಸಿದ ಮೇಲೆ ಕಕ್ಷೆ ತಿಳಿಯಿತು. ಆ ಧೂಮಕೇತು ಸೂರ್ಯನನ್ನಲ್ಲ, ಗುರುವನ್ನೇ ಸುತ್ತುತ್ತಿತ್ತು. 1992ರ ಜುಲೈನಲ್ಲಿ ಗುರುವಿಗೆ ತೀರಾ ಹತ್ತಿರ ಹೋಗಿ, ಅದರ ಸೆಳೆತಕ್ಕೆ ಸಿಕ್ಕಿ ಚೂರಾಗಿತ್ತು. ಮುಂದಿನ ಸುತ್ತಿನಲ್ಲಿ ನೇರ ಗುರುವಿಗೇ ಬಡಿಯುತ್ತದೆ ಅಂತಲೂ ಲೆಕ್ಕ ಹೇಳಿತು. ಬಡಿಯಿತು ಕೂಡ. 1994ರ ಜುಲೈ 16ರಿಂದ 22ರವರೆಗೆ ಒಂದಾದ ಮೇಲೆ ಒಂದು ತುಂಡು, ಸೆಕೆಂಡಿಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ. ಗುರುವಿನ ಮೇಲೆ ಭೂಮಿಯಷ್ಟು ದೊಡ್ಡ ಕಪ್ಪು ಕಲೆಗಳಾದವು. ಚಿಕ್ಕ ಟೆಲಿಸ್ಕೋಪಿನಲ್ಲೂ ಅವು ಕಾಣುತ್ತಿದ್ದವು. ಎರಡು ಆಕಾಶಕಾಯಗಳ ಡಿಕ್ಕಿಯನ್ನು ಮನುಷ್ಯ ಮೊದಲೇ ತಿಳಿದು, ಕಾದು ಕೂತು ನೋಡಿದ್ದು ಅದೇ ಮೊದಲು. ಇಂಥದ್ದು ಭೂಮಿಗೂ ಆಗಬಹುದಲ್ವಾ ಎಂಬ ಪ್ರಶ್ನೆಯನ್ನು ಸರ್ಕಾರಗಳು ಗಂಭೀರವಾಗಿ ತೆಗೆದುಕೊಳ್ಳಲು ಆ ಒಂದು ವಾರವೂ ದೊಡ್ಡ ಕಾರಣ. 1998ರಲ್ಲಿ, ಭೂಮಿಯ ಹತ್ತಿರ ಸುಳಿಯುವ ಒಂದು ಕಿಲೋಮೀಟರಿಗಿಂತ ದೊಡ್ಡ ಕಾಯಗಳಲ್ಲಿ ಶೇಕಡಾ 90ರಷ್ಟನ್ನು ಹುಡುಕುವ ಗುರಿಯನ್ನು ನಾಸಾ ಒಪ್ಪಿಕೊಂಡಿತು. 2005ರಲ್ಲಿ ಆ ಗುರಿ 140 ಮೀಟರಿಗೆ ಇಳಿಯಿತು. ಇವತ್ತು ಈ ಕ್ಷೇತ್ರದಲ್ಲಿರುವ ಬಹುಪಾಲು ಸಂಬಳ ಬರುತ್ತಿರುವುದು ಈ ಗುರಿಗಳಿಗಾಗಿ ಇಟ್ಟ ಹಣದಿಂದ.

1997ರಲ್ಲಿ ಆಸ್ಟ್ರೇಲಿಯಾದಲ್ಲಿ ಕುಳಿಗಳ ಅಧ್ಯಯನಕ್ಕೆ ಹೋಗಿದ್ದಾಗ ಕಾರು ಅಪಘಾತದಲ್ಲಿ ಜೀನ್ ತೀರಿಕೊಂಡರು. ಕ್ಯಾರೊಲಿನ್‌ಗೂ ಪೆಟ್ಟಾಯಿತು. ಚೇತರಿಸಿಕೊಂಡು ಅವರು ಕೆಲಸಕ್ಕೆ ಮರಳಿದರು. 2021ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನಿಮ್ಮ ಕಂಪ್ಯೂಟರ್ ಪ್ರಶ್ನೆಗೆ ಬರೋಣ. ಹೌದು, ಫಿಲ್ಮು, ಮೈಕ್ರೋಸ್ಕೋಪು ಎಲ್ಲ ಹೋದವು. ಅರಿಜೋನಾ ವಿಶ್ವವಿದ್ಯಾಲಯದ ಕ್ಯಾಟಲಿನಾ ಸ್ಕೈ ಸರ್ವೆ ತಂಡವನ್ನೇ ತೆಗೆದುಕೊಳ್ಳಿ. ಆಕಾಶದ ಒಂದೇ ಭಾಗವನ್ನು ಕೆಲವು ನಿಮಿಷ ಬಿಟ್ಟು ಬಿಟ್ಟು ನಾಲ್ಕು ಸಲ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಸಾಫ್ಟ್‌ವೇರು ಸರಿದ ಚುಕ್ಕಿಗಳನ್ನು ಆರಿಸಿ ಮುಂದಿಡುತ್ತದೆ. ಇದು ನಿಜವೇ, ಕ್ಯಾಮೆರಾದ ದೋಷವೇ ಅಂತ ವೀಕ್ಷಕರು ಅದೇ ರಾತ್ರಿ ಪರದೆಯ ಮುಂದೆ ಕೂತು ತೀರ್ಮಾನ ಮಾಡುತ್ತಾರೆ. ನಿಜ ಅನ್ನಿಸಿದರೆ ಅಳತೆಗಳು ಮೈನರ್ ಪ್ಲಾನೆಟ್ ಸೆಂಟರಿಗೆ ಹೋಗುತ್ತವೆ. ಜಗತ್ತಿನ ಎಲ್ಲ ಅಳತೆಗಳೂ ಬಂದು ಸೇರುವ ಕಚೇರಿ ಅದು, ಇರುವುದು ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ. ಅಲ್ಲಿನ ಪಟ್ಟಿ ನೋಡಿ ಬೇರೆ ದೇಶದವರು ತಮ್ಮ ಟೆಲಿಸ್ಕೋಪ್ ಆ ಕಡೆ ತಿರುಗಿಸುತ್ತಾರೆ.

ಈ ಸರಪಳಿ ಎಷ್ಟು ಚುರುಕು ಅನ್ನುವುದಕ್ಕೆ 2008ರ ಅಕ್ಟೋಬರ್ 6ನ್ನು ನೋಡಿ. ಕ್ಯಾಟಲಿನಾ ತಂಡದ ರಿಚರ್ಡ್ ಕೊವಾಲ್ಸ್ಕಿ ಲೆಮ್ಮನ್ ಬೆಟ್ಟದಿಂದ ಒಂದು ಚಿಕ್ಕ ಕಾಯ ಕಂಡರು, ಕೆಲವೇ ಮೀಟರ್ ಗಾತ್ರದ್ದು. ಸುಮಾರು 19 ಗಂಟೆಯಲ್ಲಿ ಅದು ಭೂಮಿಗೆ ಬೀಳುತ್ತದೆ, ಸುಡಾನ್ ಮೇಲೆ ಬೀಳುತ್ತದೆ ಅಂತ ಲೆಕ್ಕ ಬಂತು. ಹೇಳಿದ ಕಡೆಯೇ ಬಿತ್ತು. ಆಮೇಲೆ ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮರಳುಗಾಡಿನಲ್ಲಿ ಸಾಲಾಗಿ ನಡೆದು ಅದರ ಚೂರುಗಳನ್ನು ಆಯ್ದರು. ಬೀಳುವ ಮೊದಲೇ ಗೊತ್ತಾಗಿ, ಬಿದ್ದ ಮೇಲೆ ಕೈಗೂ ಸಿಕ್ಕ ಮೊದಲ ಕ್ಷುದ್ರಗ್ರಹ ಅದು.

ಈಗ ಚಿಲಿಯಲ್ಲಿ ವೆರಾ ರೂಬಿನ್ ವೀಕ್ಷಣಾಲಯ ಬಂದಿದೆ. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದಾಗಲೇ, ಸುಮಾರು ಹತ್ತು ಗಂಟೆಯ ವೀಕ್ಷಣೆಯಲ್ಲಿ 2,104 ಹೊಸ ಕ್ಷುದ್ರಗ್ರಹ ಸಿಕ್ಕಿವೆ ಅಂದರು. ಹಾಗಾದರೆ ಮನುಷ್ಯರಿಗೆ ಏನು ಉಳಿಯಿತು ಅಂತ ಮಗಳು ಕೇಳಬಹುದು. ನನ್ನ ಪ್ರಕಾರ ಕೆಲಸ ಜಾಸ್ತಿಯೇ ಆಯಿತು. ಆ ಸಾಫ್ಟ್‌ವೇರ್ ಬರೆಯುವವರು ಬೇಕು. ಕಕ್ಷೆ ಲೆಕ್ಕ ಹಾಕುವವರು ಬೇಕು. ಇಂಥ ಲೆಕ್ಕಕ್ಕೇ ನಾಸಾದ ಪ್ರಯೋಗಾಲಯವಾದ ಜೆಪಿಎಲ್‌ನಲ್ಲಿ ಒಂದು ಕೇಂದ್ರ ಇದೆ, ಯುರೋಪಿನದ್ದು ಇಟಲಿಯ ಫ್ರಸ್ಕಾಟಿಯಲ್ಲಿದೆ. ಸಿಕ್ಕ ಕಾಯ ಕಲ್ಲಿನದ್ದೋ, ಲೋಹದ್ದೋ, ಎಷ್ಟು ವೇಗವಾಗಿ ತಿರುಗುತ್ತದೆ ಅಂತ ತಿಳಿಯಲು ಬೇರೆ ಟೆಲಿಸ್ಕೋಪುಗಳು, ಬೇರೆ ಜನ ಬೇಕು. ಟೆಲಿಸ್ಕೋಪು, ಕ್ಯಾಮೆರಾ ಕಟ್ಟುವ ಎಂಜಿನಿಯರುಗಳು ಬೇಕು. ಸೂರ್ಯನ ದಿಕ್ಕಿನಿಂದ ಬರುವ ಕಾಯಗಳಂತೂ ನೆಲದ ಮೇಲಿನ ಎಲ್ಲ ಟೆಲಿಸ್ಕೋಪುಗಳಿಗೂ ಕಷ್ಟ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಬಂಡೆ ಸುಮಾರು 20 ಮೀಟರಿನದ್ದು. ಹೆಚ್ಚುಕಡಿಮೆ 1,500 ಜನಕ್ಕೆ ಗಾಯವಾಯಿತು, ಬಹುಪಾಲು ಒಡೆದ ಕಿಟಕಿ ಗಾಜಿನಿಂದ. ಅದು ಬರುವುದು ಮೊದಲೇ ಯಾರಿಗೂ ಗೊತ್ತಿರಲಿಲ್ಲ.

ಹೊಸ ಕಾಯಕ್ಕೆ ಮೊದಲು ಸಿಗುವ ಗುರುತು ನೋಡಿದರೂ ಎಷ್ಟು ಸಿಗುತ್ತಿವೆ ಅಂತ ಅಂದಾಜಾಗುತ್ತದೆ. 2025ರ ಶುರುವಿನಲ್ಲಿ ಸುದ್ದಿ ಮಾಡಿದ 2024 ವೈಆರ್4 ಎಂಬ ಕ್ಷುದ್ರಗ್ರಹ ನೆನಪಿದೆಯಾ? ವೈ ಅಂದರೆ ಡಿಸೆಂಬರಿನ ಎರಡನೇ ಅರ್ಧ. ಆರ್ ಮತ್ತು 4 ಸೇರಿದರೆ, ಆ ಅರ್ಧ ತಿಂಗಳಲ್ಲಿ ಗುರುತು ಸಿಕ್ಕಿದ 117ನೇ ಕಾಯ ಅಂತ ಅರ್ಥ. 2032ರಲ್ಲಿ ಅದು ಭೂಮಿಗೆ ಬಡಿಯುವ ಸಾಧ್ಯತೆ ಒಂದು ಹಂತದಲ್ಲಿ ಶೇಕಡಾ 3.1ರವರೆಗೆ ಏರಿತ್ತು. ಮತ್ತಷ್ಟು ಅಳತೆ ಬಂದ ಹಾಗೆ ಕೆಲವೇ ದಿನಗಳಲ್ಲಿ ಹತ್ತಿರ ಹತ್ತಿರ ಸೊನ್ನೆಗೆ ಇಳಿಯಿತು. ಅದನ್ನು ಇಳಿಸಿದ್ದು ಬೆನ್ನುಹತ್ತಿದವರ ಕೆಲಸ.

ಹೆಸರಿಡುವ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಮಕ್ಕಳಿಗೆ ಅದರ ಮೇಲೇ ಆಸೆ ಜಾಸ್ತಿ. ಧೂಮಕೇತುವಿಗೆ ಕಂಡುಹಿಡಿದವರ ಅಥವಾ ಸರ್ವೆಯ ಹೆಸರು ತಾನಾಗಿ ಬರುತ್ತದೆ. ಕ್ಷುದ್ರಗ್ರಹಕ್ಕೆ ಹಾಗಲ್ಲ. ಕಕ್ಷೆ ಖಚಿತವಾಗಿ ಸಂಖ್ಯೆ ಸಿಗಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆಮೇಲೆ ಕಂಡುಹಿಡಿದವರು ಹೆಸರು ಸೂಚಿಸಬಹುದು, ಅಂತರರಾಷ್ಟ್ರೀಯ ಸಮಿತಿ ಒಪ್ಪಬೇಕು. ದುಡ್ಡು ಕೊಟ್ಟರೆ ಹೆಸರಿಡುತ್ತೇವೆ ಅನ್ನುವವರನ್ನು ನಂಬಬೇಡಿ.

ನಮ್ಮ ಕಡೆಯ ಕಥೆಯೂ ಚಿಕ್ಕದಲ್ಲ. 1861ರಲ್ಲಿ ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪೋಗ್ಸನ್ ಒಂದು ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ ಏಷ್ಯಾ ಅಂತ ಹೆಸರಿಟ್ಟರು. ಆಮೇಲೆ ಅಲ್ಲಿಂದಲೇ ಇನ್ನೂ ಕೆಲವು, 1885ರಲ್ಲಿ ಸಿಕ್ಕ ವೆರಾ ಎಂಬ ಕ್ಷುದ್ರಗ್ರಹ ಕೊನೆಯದು. ಅದಾದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಭಾರತದ ನೆಲದಿಂದ ಒಂದೂ ಇಲ್ಲ. 1988ರ ಫೆಬ್ರವರಿ 17ರಂದು ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ ಆರ್. ರಾಜಮೋಹನ್ ತಂಡಕ್ಕೆ ಒಂದು ಸಿಕ್ಕಿತು. ಅವರ ಬಳಿ ಇದ್ದದ್ದೂ ಶೂಮೇಕರ್ ದಂಪತಿಯ ಟೆಲಿಸ್ಕೋಪಿನಷ್ಟೇ ಚಿಕ್ಕ ಸ್ಮಿಟ್ ಟೆಲಿಸ್ಕೋಪು. ಯೋಜನೆಯ ಹೆಸರು ಕಲ್ಕಿ. ಆ ಕ್ಷುದ್ರಗ್ರಹ ಇವತ್ತು 4130 ರಾಮಾನುಜನ್. ಕಾವಲೂರು ವೀಕ್ಷಣಾಲಯ ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯದ್ದು. ಆ ವೀಕ್ಷಣಾಲಯಕ್ಕೆ ಹೆಸರು ಕೊಟ್ಟ ವೈನು ಬಾಪು ಕೂಡ 1949ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಒಂದು ಧೂಮಕೇತು ಕಂಡುಹಿಡಿದವರೇ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಟೆಲಿಸ್ಕೋಪನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ. ಇದು ಹಾಸನದ ಹುಡುಗಿಗೆ ಗೊತ್ತಿರಲಿ.

ಆದರೆ ಒಂದು ಮಾತು ಬಿಚ್ಚಿ ಹೇಳಬೇಕು. ಕ್ಯಾಟಲಿನಾ ಅಥವಾ ಅಟ್ಲಾಸ್‌ನಂತೆ ರಾತ್ರಿಯಿಡೀ ಇದೊಂದನ್ನೇ ಮಾಡುವ ದೊಡ್ಡ ಸರ್ವೆ ನಮ್ಮಲ್ಲಿಲ್ಲ. ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮಲ್ಲಿ ರಾತ್ರಿ ಇದ್ದಾಗ ಅರಿಜೋನಾದಲ್ಲಿ ಹಗಲು, ಆ ಹೊತ್ತಿನಲ್ಲಿ ಆಕಾಶ ಕಾಯಲು ಏಷ್ಯಾದಲ್ಲಿ ಕಣ್ಣುಗಳು ಕಡಿಮೆ. ಸದ್ಯಕ್ಕೆ ಇಲ್ಲಿ ಕ್ಷುದ್ರಗ್ರಹ, ಧೂಮಕೇತುಗಳ ಮೇಲೆ ಕೆಲಸ ಮಾಡುವವರು ಹೆಚ್ಚಾಗಿ ಅವುಗಳ ಅಧ್ಯಯನ ಮಾಡುತ್ತಾರೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಇದರಲ್ಲಿ ಮುಂದಿದೆ, ಅವರ ಟೆಲಿಸ್ಕೋಪುಗಳು ಮೌಂಟ್ ಅಬುವಿನಲ್ಲಿವೆ.

ಓದಿನ ದಾರಿ ಹೀಗೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಗಟ್ಟಿ ಮಾಡಿಕೊಳ್ಳಲಿ. ಆಮೇಲೆ ಭೌತಶಾಸ್ತ್ರದಲ್ಲಿ ಬಿಎಸ್ಸಿ, ಎಮ್ಮೆಸ್ಸಿ. ಐಐಎಸ್‌ಸಿ, ಐಸರ್, ತಿರುವನಂತಪುರದ ಐಐಎಸ್‌ಟಿ ಇಂಥ ವಿಜ್ಞಾನ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಹಾಸನದ ಕಾಲೇಜಿನಿಂದಲೂ ಈ ದಾರಿ ಮುಚ್ಚುವುದಿಲ್ಲ, ಅದನ್ನು ಯಾರು ಏನೇ ಹೇಳಲಿ. ಎಂಜಿನಿಯರಿಂಗ್ ಓದಿ ಬಂದವರೂ ಈ ಕ್ಷೇತ್ರದಲ್ಲಿದ್ದಾರೆ. ಪಿಎಚ್‌ಡಿಗೆ ಜೆಸ್ಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು. ಖಭೌತ ಸಂಸ್ಥೆ, ಪುಣೆಯ ಐಯುಕಾ, ನೈನಿತಾಲಿನ ಏರೀಸ್ ಇಂಥ ಖಗೋಳ ಸಂಶೋಧನಾ ಸಂಸ್ಥೆಗಳಲ್ಲಿ ಅದರ ಅಂಕ ನೋಡುತ್ತಾರೆ. ಪಿಎಚ್‌ಡಿ ಮಾಡುವಾಗಲೇ ಫೆಲೋಶಿಪ್ ಬರುತ್ತದೆ, 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಪಿಎಚ್‌ಡಿಗೆ ಐದಾರು ವರ್ಷ ಬೇಕು. ಅದಾದ ಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ ಕೆಲವು ವರ್ಷ ಊರೂರು, ದೇಶ ದೇಶ ಸುತ್ತುವುದು ಸಾಮಾನ್ಯ. ಖಾಯಂ ಕೆಲಸ ಸಿಗುವಾಗ ಮೂವತ್ತು ದಾಟಿರುತ್ತದೆ. ತಂದೆತಾಯಿ ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಮನೆಯಲ್ಲಿ ಜಗಳ ಇರುವುದಿಲ್ಲ. ಖಾಯಂ ಹುದ್ದೆ ಸಿಗದವರೂ ಬೀದಿಗೆ ಬೀಳುವುದಿಲ್ಲ, ಈ ಓದಿನಲ್ಲಿ ಕಲಿತ ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರಕ್ಕೆ ಬೇರೆ ಕಡೆಯೂ ಬೆಲೆ ಇದೆ.

ಹಾಗೆಯೇ, ವೃತ್ತಿ ಬೇರೆ ಇಟ್ಟುಕೊಂಡು ಇದನ್ನು ಮಾಡಿದವರನ್ನೂ ಮರೆಯಬಾರದು. ಜಪಾನಿನ ಕವೊರು ಇಕೆಯ ಪಿಯಾನೊ ಕಾರ್ಖಾನೆಯ ಕೆಲಸಗಾರ. ಆಸ್ಟ್ರೇಲಿಯಾದ ವಿಲಿಯಂ ಬ್ರಾಡ್‌ಫೀಲ್ಡ್ ರಾಕೆಟ್ ಎಂಜಿನಿಯರ್, 18 ಧೂಮಕೇತು ಕಂಡವರು. ಸೌರಮಂಡಲದ ಆಚೆಯಿಂದ ಬಂದ ಬೋರಿಸೋವ್ ಧೂಮಕೇತುವನ್ನು 2019ರಲ್ಲಿ ಕಂಡ ಗೆನ್ನಾಡಿ ಬೋರಿಸೋವ್, ಅದಕ್ಕೆ ಬಳಸಿದ್ದು ತಾವೇ ಕಟ್ಟಿದ 0.65 ಮೀಟರ್ ಟೆಲಿಸ್ಕೋಪು.

ಮಗಳು ಪಿಯುಸಿ ಪರೀಕ್ಷೆ ಮುಗಿಯುವವರೆಗೂ ಕಾಯಬೇಕಿಲ್ಲ. ಅಂತರರಾಷ್ಟ್ರೀಯ ಖಗೋಳ ಹುಡುಕಾಟ ಸಹಯೋಗ ಅಂತ ಒಂದು ಉಚಿತ ಕಾರ್ಯಕ್ರಮ ಇದೆ, ನಡೆಸುವುದು ಅಮೆರಿಕದಿಂದ. ಹವಾಯಿಯ ಪ್ಯಾನ್-ಸ್ಟಾರ್ಸ್ ಟೆಲಿಸ್ಕೋಪಿನ ಚಿತ್ರಗಳನ್ನು ಶಾಲಾ ಕಾಲೇಜಿನ ತಂಡಗಳಿಗೆ ಕಳಿಸುತ್ತಾರೆ. ಆಸ್ಟ್ರೊಮೆಟ್ರಿಕಾ ಎಂಬ ಸಾಫ್ಟ್‌ವೇರಿನಲ್ಲಿ ಅವನ್ನು ಒಂದರ ಹಿಂದೆ ಒಂದು ಓಡಿಸಿ, ಸರಿಯುವ ಚುಕ್ಕಿ ಹುಡುಕಿ ವರದಿ ಬರೆಯಬೇಕು. ಭಾರತದ ಮಕ್ಕಳು ಇದರಲ್ಲಿ ತುಂಬ ಜನ ಇದ್ದಾರೆ. ಅಲ್ಲಿ ಸಿಗುವುದು ಪ್ರಾಥಮಿಕ ಪತ್ತೆ ಅಷ್ಟೆ, ಪತ್ರಿಕೆಯಲ್ಲಿ ಬಂದ ತಕ್ಷಣ ಕ್ಷುದ್ರಗ್ರಹ ಖಾಯಂ ಆಗುವುದಿಲ್ಲ. ಇನ್ನೊಂದು, ಸೋಹೊ ಎಂಬ ಸೂರ್ಯನನ್ನು ನೋಡುವ ಬಾಹ್ಯಾಕಾಶ ನೌಕೆಯ ಚಿತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಅದರಲ್ಲಿ ಈವರೆಗೆ 5,000ಕ್ಕೂ ಹೆಚ್ಚು ಧೂಮಕೇತು ಸಿಕ್ಕಿವೆ, ಬಹುಪಾಲು ಸಿಕ್ಕಿದ್ದು ಮನೆಯಲ್ಲಿ ಕೂತು ನೋಡಿದ ಹವ್ಯಾಸಿಗಳಿಗೆ.

ಡಿಗ್ರಿಗೆ ಬೆಂಗಳೂರಿಗೆ ಬರುವುದಾದರೆ ನೆಹರೂ ತಾರಾಲಯದಲ್ಲಿ ಬಿಎಸ್ಸಿ ವಿದ್ಯಾರ್ಥಿಗಳಿಗೆ ರೀಪ್ ಎಂಬ ತರಗತಿಗಳಿವೆ, ಖಂಡಿತ ಸೇರಿಸಿ. ಈಗಲೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ. ಮೋಡವಿಲ್ಲದ ರಾತ್ರಿ ಒಂದು ಬೈನಾಕ್ಯುಲರ್ ಹಿಡಿದು ಆಕಾಶದ ಒಂದೇ ತುಂಡನ್ನು ಚಿತ್ರ ಬರೆದುಕೊಳ್ಳಲಿ, ವಾರ ಬಿಟ್ಟು ಅದೇ ತುಂಡನ್ನು ಮತ್ತೆ ನೋಡಲಿ. ದುಬಾರಿ ಟೆಲಿಸ್ಕೋಪ್ ಈಗ ಬೇಡ.

2029ರ ಏಪ್ರಿಲ್ 13ರಂದು, ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ, ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಬಡಿಯುವುದಿಲ್ಲ, ಅದು ಖಚಿತ. ಆ ಹೊತ್ತಿಗೆ ನಿಮ್ಮ ಮಗಳು ಡಿಗ್ರಿ ಮುಗಿಸುವ ಹಂತದಲ್ಲಿರುತ್ತಾಳೆ. ಅದರ ಮೇಲೆ ಒಂದು ಪ್ರಾಜೆಕ್ಟ್ ಮಾಡುವ ಆಸೆ ಇದ್ದರೆ ಮೊದಲ ವರ್ಷದಲ್ಲೇ ಖಭೌತ ಸಂಸ್ಥೆಯ ಬೇಸಿಗೆ ಶಿಬಿರಗಳ ಪ್ರಕಟಣೆ ಗಮನಿಸುತ್ತಿರಲಿ, ತನಗೆ ಆಸಕ್ತಿ ಇರುವ ವಿಷಯದ ವಿಜ್ಞಾನಿಗಳಿಗೆ ನೇರವಾಗಿ ಪತ್ರ ಬರೆಯಲಿ.